ಎಣ್ಣೆ ಬಿಟ್ಟ ಚೈನು

ಕಲಾವತಿಯ ತುಟಿಗಳ ನಡುವೆ ಆಗ ಮೂರು ಗುಂಡುಸೂಜಿಗಳಿದ್ದವು. ಇರದಿದ್ದರೆ ಅವಳು ಮಾತನ್ನು ಪೂರ್ತಿ ಆಡುತ್ತಿದ್ದಳು. ಪೂರ್ತಿ ಆಡಿದ್ದರೆ ಒಂದೇ ಒಂದು ಪದ ಹೆಚ್ಚಾಗುತ್ತಿತ್ತು, ಅಷ್ಟೆ. ಗಂಡನ ನಲವತ್ತೇಳು ವರ್ಷದ ಮರ್ಯಾದೆ ಆ ಪದಕ್ಕೆ ಜೋತುಬಿದ್ದಿದೆ ಎಂದು ಬೆಳಕೇ ಹರಿಯದ ಹೊತ್ತಿನಲ್ಲಿ ಯಾರಿಗೆ ತಾನೆ ಹೊಳೆದೀತು?

ಆರ್.ಟಿ. ನಗರದ ಹಿಂದುಗಡೆಯ ಗಲ್ಲಿಯೊಂದರಲ್ಲಿ ಅವರದು ಕೊನೆಯ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಗೆ ಒತ್ತಿಕೊಂಡು ಕಲಾವತಿಯ ಹೊಲಿಗೆ ಮಿಷನ್ನು. ಕಿಟಕಿಯ ಆಚೆ ಮೋಟು ಜಗಲಿ, ಅದರ ಮೇಲೆ ಗಂಡ ಶಿವರಾಮನ ಸೈಕಲ್ಲು. ಅವನು ತಣಿಸಂದ್ರದ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಬಸ್ ಡ್ರೈವರು. ಬಸ್ಸು ಶಾಲೆಯ ಆವರಣದಲ್ಲೇ ನಿಲ್ಲುವುದರಿಂದ ಅವನು ಬೆಳಿಗ್ಗೆ ಐದೂಕಾಲಕ್ಕೆ ಮನೆ ಬಿಟ್ಟು, ಹೆಬ್ಬಾಳದ ಸೇತುವೆ ಕೆಳಗೆ ಹಾದು, ನಾಗವಾರದ ಮೇಲೆ ಸೈಕಲ್ ತುಳಿದು ಆರು ಗಂಟೆಗೆ ಅಲ್ಲಿರುತ್ತಿದ್ದ. ಐವತ್ತೆರಡು ಸೀಟಿನ ಬಸ್ಸು ಓಡಿಸುವವನು ಕೆಲಸಕ್ಕೆ ಎರಡು ಚಕ್ರದಲ್ಲಿ ಬರುತ್ತಾನೆಂದು ಉಳಿದ ಡ್ರೈವರುಗಳು ರೇಗಿಸಿದರೆ, "ಬಸ್ಸು ಅವ್ರದು, ಇದು ನಂದು" ಎನ್ನುತ್ತಿದ್ದ. ಅವನು ಆಡುವ ಉದ್ದನೆಯ ಮಾತುಗಳಲ್ಲಿ ಅದೂ ಒಂದು.

ಆ ದಾರಿಯ ಧೂಳು ಎಂಥದ್ದೆಂದು ಅಲ್ಲಿ ಓಡಾಡಿದವರಿಗೇ ಗೊತ್ತು. ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು ಏಳುತ್ತಿದ್ದ ವರ್ಷಗಳು ಅವು. ಮರಳಿನ ಲಾರಿ, ಜಲ್ಲಿಪುಡಿಯ ಲಾರಿ, ಸಿಮೆಂಟು ಕಲಸುತ್ತಲೇ ಓಡುವ ಲಾರಿ. ಅವೆಲ್ಲ ಉದುರಿಸಿದ್ದು ಗಾಳಿಯಲ್ಲಿ ಎದ್ದು, ಕೊನೆಗೆ ಬಂದು ಕೂರುವುದು ಸೈಕಲ್ಲಿನ ಚೈನಿನ ಮೇಲೆ ಎಂದು ಶಿವರಾಮ ಗಟ್ಟಿಯಾಗಿ ನಂಬಿದ್ದ. ಹಾಗಾಗಿ ಪ್ರತಿ ಭಾನುವಾರ ಅವನಿಗೆ ಒಂದು ಪೂಜೆ ಇತ್ತು. ಹಳೇ ಪೇಪರ್ ಹಾಸಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸುವುದು. ಪಕ್ಕದ ಮನೆ ಮುನಿಕೆಂಪಮ್ಮ ತನ್ನ ರೇಷನ್ ಕಾರ್ಡಿನಲ್ಲಿ ತೆಗೆದುಕೊಡುವ ಸೀಮೆಎಣ್ಣೆಯನ್ನು ತೆಂಗಿನ ಚಿಪ್ಪಿಗೆ ಬಗ್ಗಿಸಿ, ಹಳೇ ಹಲ್ಲುಜ್ಜುವ ಬ್ರಷ್ಷು ಅದ್ದಿ, ಒಂದೊಂದು ಕೊಂಡಿಯ ಸಂದನ್ನೂ ಉಜ್ಜುವುದು. ಕಪ್ಪು ಮಡ್ಡಿ ಇಳಿದುಹೋದ ಮೇಲೆ ಹರಕು ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಬಿಸಿಲು ಕಾಣಿಸುವುದು. ಆಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಪ್ರತಿ ಕೊಂಡಿಗೆ ಒಂದೇ ಒಂದು ಹನಿ ಮಿಷನ್ ಎಣ್ಣೆ. ಕೊನೆಗೆ ಮೇಲೆ ಉಳಿದದ್ದನ್ನೆಲ್ಲ ಮತ್ತೆ ಒರೆಸಿಬಿಡುವುದು. ಹಾಕಿದ್ದನ್ನು ಯಾಕೆ ಒರೆಸಬೇಕು ಎಂದು ಕಲಾವತಿ ಮದುವೆಯಾದ ಹೊಸತರಲ್ಲಿ ಕೇಳಿದ್ದಳು. "ಒಳಗಿರ್ಬೇಕು, ಹೊರಗೆ ಕಾಣ್ಬಾರ್ದು. ಹೊರಗಿದ್ರೆ ಧೂಳು ಕರೀತದೆ" ಎಂದಿದ್ದ. ಈ ಕೆಲಸ ಕಲಿಸಿದ್ದು ಮೇನ್ ರೋಡಿನ ಸೈಕಲ್ ರಿಪೇರಿಯ ಮಜೀದ್ ಸಾಬರು. "ಎಣ್ಣೆ ಹಾಕೋದಲ್ಲಪ್ಪ, ಬಿಡೋದು. ಬೋಂಡಾ ಕರಿಯೋನು ಬಾಣ್ಲಿಗೆ ಹಾಕ್ತಾನೆ. ಚೈನಿಗೆ ಬಿಡ್ಬೇಕು, ಮಗು ಕಣ್ಣಿಗೆ ಔಷಧಿ ಬಿಟ್ಟಂಗೆ" ಎಂದು ಅವರು ಗಿರಾಕಿಗಳಿಗೆಲ್ಲ ಹೇಳುವರು. ಹನಿ ಬಿಡಲಿಕ್ಕೆ ಅವರಲ್ಲಿದ್ದ ಸಾಧನ ಹಳೆಯ ಕ್ವಾರ್ಟರ್ ಬಾಟಲಿ. ಎದುರಿನ ಬಾರಿನವರು ಎಸೆದದ್ದನ್ನು ಆರಿಸಿ ತೊಳೆದು, ಮುಚ್ಚಳಕ್ಕೆ ಸೈಕಲ್ ಕಡ್ಡಿಯಲ್ಲಿ ತೂತು ಹೊಡೆದು, ಎಣ್ಣೆ ತುಂಬಿಡುತ್ತಿದ್ದರು. ಅಂಥದ್ದೊಂದನ್ನು ಶಿವರಾಮನಿಗೂ ಕೊಟ್ಟಿದ್ದರು. ಖಾಲಿಯಾದಾಗ ಒಯ್ದರೆ ಡಬ್ಬದಿಂದ ತುಂಬಿಕೊಡುತ್ತಿದ್ದರು.

ಮನೆಯಲ್ಲಿ ಎಣ್ಣೆಯ ಬಾಟಲಿ ಇದ್ದದ್ದು ಅದೊಂದೇ. ಹೊಲಿಗೆ ಮಿಷನ್ನಿಗೂ ಅದೇ. ಕಲಾವತಿಯ ಸಂಕಟ ಶುರುವಾಗುವುದು ಇಲ್ಲಿ. ಚೈನು ಕುಡಿದು ಉಳಿದರೆ ಮಿಷನ್ನಿಗೆ. ಸಾಮಾನ್ಯವಾಗಿ ಉಳಿಯುತ್ತಿರಲಿಲ್ಲ. ಮಿಷನ್ನು ಬಾಯಿ ಒಣಗಿ ಕಟಕಟ ಹಲ್ಲು ಕಡಿಯುವುದು. ಜಗಲಿಯ ಮೇಲೆ ಸೈಕಲ್ಲು, ಬೆಣ್ಣೆಯಲ್ಲಿ ಅದ್ದಿ ತೆಗೆದಂತೆ, ತಣ್ಣಗೆ ಸದ್ದಿಲ್ಲದೆ ತಿರುಗುವುದು. ಅವನು ಬಂದದ್ದೂ ಹೋದದ್ದೂ ಅವಳಿಗೆ ಕೇಳಿಸುತ್ತಿರಲಿಲ್ಲ. ಗಂಡನೆಂಬ ಪ್ರಾಣಿ ಮನೆಯಲ್ಲಿದ್ದಾನೋ ಇಲ್ಲವೋ ತಿಳಿಯಲಿಕ್ಕೆ ಕಿಟಕಿಯಿಂದ ಇಣುಕಬೇಕು! ಹದಿನೆಂಟು ವರ್ಷದಲ್ಲಿ ತನ್ನ ಬೆನ್ನಿಗೆ ಎಣ್ಣೆ ತಿಕ್ಕೆಂದರೆ ಒಂದು ದಿನವೂ ತಿಕ್ಕದವನು ಆ ಕಬ್ಬಿಣದ ಹುಳುವಿನ ಬೆನ್ನುಮೂಳೆಯನ್ನು ಒಂದೊಂದಾಗಿ ನೀವುತ್ತಿದ್ದುದನ್ನು ನೋಡಿದರೆ ಅವಳ ಮನಸ್ಸು ಹುಳಿಯಾಗುತ್ತಿತ್ತು.

ಹುಳಿಯಾದದ್ದನ್ನು ಅವಳು ತಮಾಷೆ ಮಾಡಿಕೊಂಡಿದ್ದಳು. ಬ್ಲೌಸು ಹೊಲಿಸಲು ಬಂದವರು "ಯಜಮಾನ್ರು ಎಲ್ಲಿ?" ಎಂದರೆ, "ಎಣ್ಣೆ ಪಾರ್ಟಿ ಕಣಕ್ಕ ನಮ್ಮನೆಯವ್ರು. ಭಾನುವಾರ ಬಂತು ಅಂದ್ರೆ ಬಾಟ್ಲಿ ಹಿಡ್ಕೊಂಡ್ ಕೂತ್ಬಿಡ್ತಾರೆ" ಎನ್ನುವಳು. ಬಂದವಳು ಕಣ್ಣರಳಿಸಿದ ಮೇಲೆ ಕಿಟಕಿಯಾಚೆ ತೋರಿಸುವಳು. ಜಗಲಿಯ ಮೇಲೆ ಕ್ವಾರ್ಟರ್ ಬಾಟಲಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಹನಿ ಎಣಿಸುತ್ತಾ ಶಿವರಾಮ. ನಗು. ಗಲ್ಲಿಯಲ್ಲಿ ಈ ತಮಾಷೆ ಎಷ್ಟು ಸವೆದಿತ್ತೆಂದರೆ ಕಿಟಕಿಯಾಚೆ ತೋರಿಸುವ ಭಾಗವೇ ಬೇಡವಾಗಿತ್ತು.

ಇನ್ನೊಂದು ಸಂಗತಿ ಗಲ್ಲಿಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಶಿವರಾಮನ ಅಪ್ಪ ಮುನಿಆಂಜಿನಪ್ಪ ಹೆಬ್ಬಾಳದ ಹಳೇ ಊರಿನವನು. ಇದ್ದ ತುಂಡು ಜಮೀನನ್ನು ಲೇಔಟಿನವರಿಗೆ ಕೊಟ್ಟು, ಬಂದದ್ದನ್ನು ಸಾರಾಯಿ ಅಂಗಡಿಗೆ ಕೊಟ್ಟು, ತನ್ನನ್ನು ಚರಂಡಿಗೆ ಕೊಟ್ಟವನು. ಸತ್ತಾಗ ಹೆಣದ ಬಾಯಿಯ ವಾಸನೆಗೆ ಮಗ ತುಳಸಿ ನೀರು ಬಿಡಲಾರದೆ ಮುಖ ತಿರುಗಿಸಿದ್ದನಂತೆ. ಆವತ್ತಿನಿಂದ ಶಿವರಾಮ ಒಂದು ಹನಿ ಮುಟ್ಟಿದವನಲ್ಲ. ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುತ್ತಿದ್ದ. ಮದುವೆಗೆ ಮುಂಚೆ ಹೆಣ್ಣು ನೋಡಲು ಬಂದಾಗ ಅವನು ತಾನಾಗಿ ಆಡಿದ್ದು ಒಂದೇ ಮಾತು: "ನಾನು ಕುಡಿಯಲ್ಲ." ಅವಳು ಒಪ್ಪಿದ್ದು ಆ ಮಾತಿಗೇ.

ಎರಡು ಸಾವಿರದ ಹದಿನೇಳರ ಸೆಪ್ಟೆಂಬರಿನ ಒಂದು ಬುಧವಾರ. ಆ ವರ್ಷ ಮಳೆ ನಿಂತದ್ದೇ ಕಮ್ಮಿ. ರಾತ್ರಿ ಗಾಳಿಗೆ ಸೈಕಲ್ಲಿನ ಮೇಲೆ ಹೊದಿಸಿದ್ದ ಟಾರ್ಪಾಲು ಹಾರಿಹೋಗಿ, ಬೆಳಿಗ್ಗೆ ಎದ್ದು ನೋಡಿದರೆ ಚೈನಿನ ತುಂಬ ತೆಳ್ಳಗೆ ಕೆಂಪು. ಶಿವರಾಮ ಮನೆ ಬಿಡುವ ಹೊತ್ತಿಗೆ ಬ್ರಷ್ಷು ಹಿಡಿದು ಕೂತ. ಕಲಾವತಿ ಒಳಗೆ ಮಿಷನ್ನಿನ ಮುಂದಿದ್ದಳು. ಮದುವೆ ಮನೆಯೊಂದಕ್ಕೆ ಎಂಟು ಗಂಟೆಯೊಳಗೆ ನಾಲ್ಕು ಬ್ಲೌಸು ಮುಟ್ಟಿಸಬೇಕು. ಮಿಷನ್ನು ನಿನ್ನೆಯಿಂದ ಒಣಗಿ ದಾರ ಕಡಿಯುತ್ತಿತ್ತು.

"ರೀ, ನಂಗೊಂದ್ ನಾಕು ಹನಿ ಉಳ್ಸಿ."

"ಹೂಂ."

"ಹೂಂ ಅಂದ್ರೆ ಉಳ್ಸಿ ಅಂತ."

ಅವನು ಬಾಟಲಿಯನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ತಟ್ಟಿದ್ದು ಕೇಳಿಸಿತು. ಖಾಲಿ ಬಾಟಲಿಯ ಸದ್ದು ಯಾರಿಗೂ ಗುರುತು ಸಿಗುತ್ತದೆ. ಅಷ್ಟರಲ್ಲಿ ಚಾರ್ಜಿಗೆ ಹಾಕಿದ್ದ ಅವನ ಫೋನು ಬಡಿದುಕೊಂಡಿತು. ಶಾಲೆಯ ಬಸ್ಸುಗಳ ಸೂಪರ್‌ವೈಸರ್ ಆನಂದಪ್ಪ. ಕಲಾವತಿ ತುಟಿಗಳಲ್ಲಿ ಸೂಜಿ ಕಚ್ಚಿಕೊಂಡೇ ಎತ್ತಿಕೊಂಡಳು.

"ಏನಮ್ಮ, ಶಿವರಾಮ ಹೊರಟ್ನಾ?"

"ಎಲ್ಲಿ ಹೊರಡ್ತಾರೆ ಸಾರ್? ಎಣ್ಣೆ ಹಾಕ್ಕೊಂಡ್ ಕೂತವ್ರೆ. ಎಣ್ಣೆ ಹಾಕ್ದಿದ್ರೆ ಇವ್ರಿಗೆ ಬೆಳಗೇ ಆಗಲ್ಲ."

ಚೈನಿಗೆ ಎಂಬ ಪದ ಸೂಜಿಗಳ ಹಿಂದೆಯೇ ಉಳಿದುಹೋಯಿತು. ಸೂಜಿಯಷ್ಟೇ ಕಾರಣವೆಂದು ಅವಳು ಹೇಳಿಕೊಳ್ಳುತ್ತಾಳೆ. ಮಾತಿನಲ್ಲಿ ಸ್ವಲ್ಪ ವಿಷ ಇತ್ತು, ತಮಾಷೆಯನ್ನು ಹಾಗೇ ಬಿಟ್ಟರೆ ಚೆನ್ನ ಎನ್ನಿಸಿತ್ತು ಎಂಬುದನ್ನು ಯಾರಿಗೂ ಹೇಳಿಲ್ಲ.

ಆನಂದಪ್ಪನ ಫೋನು ಒಮ್ಮೆ ನೀರಿಗೆ ಬಿದ್ದು, ಅದರಲ್ಲಿ ಏನು ಮಾತಾಡಿದರೂ ಸುತ್ತ ನಿಂತವರಿಗೆಲ್ಲ ಕೇಳಿಸುತ್ತಿತ್ತು. ಆ ದಿನ ರಸ್ತೆಯಲ್ಲಿ ನೀರು ನಿಂತಿದೆಯೆಂದು ಶಾಲೆಯ ಟ್ರಾನ್ಸ್‌ಪೋರ್ಟ್ ಮೇಡಂ ಬೇಗ ಬಂದು ಅವನ ಪಕ್ಕದಲ್ಲೇ ನಿಂತಿದ್ದರು. ಬೇರೆ ರಾಜ್ಯದವರು, ಬೆಂಗಳೂರಿಗೆ ಬಂದು ಎರಡು ವರ್ಷ. "ಎಣ್ಣೆ ಮೀನ್ಸ್?" ಎಂದು ಕೇಳಿದರು. ಆನಂದಪ್ಪ ನಗುತ್ತಾ ಹೆಬ್ಬೆರಳನ್ನು ಬಾಯಿಯ ಕಡೆಗೆ ಎತ್ತಿ ತೋರಿಸಿದ. ಇಷ್ಟೇ ನಡೆದದ್ದು.

ಶಿವರಾಮ ಇಪ್ಪತ್ತೈದು ನಿಮಿಷ ತಡವಾಗಿ, ತೊಯ್ದುಕೊಂಡು ಬಂದ. ಹ್ಯಾಂಡಲ್ಲಿಗೆ ನೇತುಹಾಕಿದ್ದ ಚೀಲದಲ್ಲಿ ಬುತ್ತಿ, ಒಂದು ಹರಕು ಬಟ್ಟೆ, ಸಾಯಂಕಾಲ ಮಜೀದ್ ಸಾಬರ ಹತ್ತಿರ ತುಂಬಿಸಬೇಕೆಂದು ಇಟ್ಟುಕೊಂಡ ಖಾಲಿ ಕ್ವಾರ್ಟರ್ ಬಾಟಲಿ. ಹಲ್ಲುನೋವಿಗೆ ಬಾಯಲ್ಲಿ ಲವಂಗ. ಮೇಡಂ ಚೀಲ ತೆರೆಸಿದರು. ಬಾಟಲಿಯನ್ನು ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಹಿಂದೆ ಬಸ್ಸಿನ ನಂಬರು ಕಾಣುವಂತೆ ಫೋಟೋ ತೆಗೆದರು. ಮೂಸಿ ನೋಡಿದ್ದರೆ ಅದು ಹೊಲಿಗೆ ಮಿಷನ್ನಿನ ವಾಸನೆ ಹೊಡೆಯುತ್ತಿತ್ತು. ಆದರೆ ಫೋಟೋಗೆ ವಾಸನೆ ಇರುವುದಿಲ್ಲ.

"ಪೊಲೀಸ್ನೋರ ಮಿಷಿನ್ ತರ್ಸಿ ಮೇಡಂ, ಊದ್ತೀನಿ" ಎಂದು ಶಿವರಾಮ ಹೇಳಿದನಂತೆ. ಶಾಲೆಯ ಬಾಗಿಲಿಗೆ ಪೊಲೀಸರು ಬೇಡವೆಂದು ಅವನನ್ನು ಮನೆಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಆ ಫೋಟೋ ಪೋಷಕರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿ, ಶಾಲೆ ತಕ್ಷಣ ಕ್ರಮ ಕೈಗೊಂಡಿದೆ ಎಂಬ ಮೆಚ್ಚುಗೆಯನ್ನೂ ಗಳಿಸಿತ್ತು.

ಮನೆಗೆ ಬಂದವನು ಸೈಕಲ್ ನಿಲ್ಲಿಸಿ, ಅದಕ್ಕೆ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಒಳಗೆ ಬಂದು ಕೂತ.

"ಯಾಕ್ರೀ, ರಜಾನಾ?"

"ಕಳ್ಸಿದ್ರು."

"ಯಾಕೆ?"

"ಎಣ್ಣೆ ಹಾಕ್ತೀನಂತೆ. ಮನೇಲೇ ಹೇಳಿದ್ರಂತೆ."

ಅವಳಿಗೆ ಮೊದಲು ನಗು ಬಂತು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಬಾಯಿ ತೆರೆದು ನಕ್ಕೇಬಿಟ್ಟಿದ್ದಳು. ಅವನು ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಅವಳೂ ತಿರುಗಿ ಬೈದು, ಬಾಟಲಿ ಪೂರ್ತಿ ಚೈನಿಗೇ ಸುರಿದದ್ದನ್ನು ಎತ್ತಿ ಆಡಿ, ಇಬ್ಬರ ತಪ್ಪನ್ನೂ ಸಮ ಮಾಡಿಕೊಳ್ಳಬಹುದಿತ್ತು. ಅವನು ಗೋಡೆಗೆ ಒರಗಿ ಕೈಬೆರಳುಗಳನ್ನು ನೋಡಿಕೊಂಡ. ಉಗುರಿನ ಸಂದುಗಳಲ್ಲಿ ಕಪ್ಪು.

ಸಾಯಂಕಾಲ ಹರ್ಷಿತಾ ಬಂದಳು. ಒಬ್ಬಳೇ ಮಗಳು, ಅದೇ ಶಾಲೆಯಲ್ಲಿ ಹತ್ತನೇ ಕ್ಲಾಸು. ನೌಕರರ ಮಕ್ಕಳೆಂದು ಅರ್ಧ ಫೀಸಿನಲ್ಲಿ ಓದುತ್ತಿದ್ದಳು. ಅಪ್ಪನ ಬಸ್ಸಿನಲ್ಲಿ ಬರಬೇಕಾದವಳು ಆವತ್ತು ಮೂರು ಬಸ್ಸು ಬದಲಿಸಿ ಬಂದಿದ್ದಳು. ಬ್ಯಾಗನ್ನು ಮೂಲೆಗೆಸೆದು, "ಅಮ್ಮಾ, ಆ ಬಾಟ್ಲೀನ ಬೇರೆ ಯಾವ್ದಾದ್ರೂ ಬಾಟ್ಲಿ ಮಾಡಕ್ಕಾಗ್ತಿರ್ಲಿಲ್ವಾ?" ಎಂದಳು. "ಒಂದು ಕೊಬ್ರಿ ಎಣ್ಣೆ ಬಾಟ್ಲಿ? ಒಂದು ಜ್ಯೂಸ್ ಬಾಟ್ಲಿ? ಕ್ಲಾಸಲ್ಲಿ ಎಲ್ರೂ ನನ್ನ ನೋಡಿ ಹೆಬ್ಬೆರಳು ಎತ್ತೋದು, ಗೊತ್ತಾ ನಿಂಗೆ?"

"ಅಪ್ಪ ಕುಡ್ಯಲ್ಲ ಅಂತ ಹೇಳೇ."

"ಹೇಳ್ದೆ. ಕುಡಿಯೋರ ಮನೇಲಿ ಎಲ್ರೂ ಹಂಗೇ ಹೇಳೋದು ಅಂದ್ರು."

ಮಾರನೇ ದಿನ ಕಲಾವತಿ ಒಳ್ಳೇ ಸೀರೆ ಉಟ್ಟು ಶಾಲೆಗೆ ಹೊರಟಳು. ದಾರಿಯಲ್ಲಿ ಮಜೀದ್ ಸಾಬರ ಅಂಗಡಿಯಿಂದ ಇನ್ನೊಂದು ಕ್ವಾರ್ಟರ್ ಬಾಟಲಿ ತುಂಬ ಎಣ್ಣೆ ತೆಗೆದುಕೊಂಡಳು, ಸಾಕ್ಷಿಗೆಂದು. ವಿಷಯ ಕೇಳಿ ಸಾಬರು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟರು. "ಬಾಟ್ಲಿ ನಂದಮ್ಮ. ನಾನೇ ಕೊಟ್ಟಿದ್ದು. ಮೂವತ್ತೆಂಟು ವರ್ಷದಿಂದ ಈ ಅಂಗಡೀಲಿ ಸಾಲಾಗಿ ಇಟ್ಟಿದೀನಿ, ಮಸೀದಿಗೆ ಹೋಗೋರೆಲ್ಲ ನೋಡ್ತಾರೆ, ಒಬ್ರೂ ನನ್ನ ಕುಡುಕ ಅಂದಿಲ್ಲ. ನಾನೂ ಬರ್ಲಾ?" ಬೇಡವೆಂದಳು. ಒಬ್ಬ ಸೈಕಲ್ ರಿಪೇರಿಯವನನ್ನು ಕರೆದುಕೊಂಡು ಹೋದರೆ ಮಾತಿನ ತೂಕ ಕಮ್ಮಿಯಾದೀತು ಎಂದು ಅನ್ನಿಸಿತ್ತು. ಅದೂ ಅವಳ ಲೆಕ್ಕದ ತಪ್ಪೇ.

ಮೇಡಂ ಕೆಟ್ಟವರಾಗಿರಲಿಲ್ಲ. ಕೂರಿಸಿ ನೀರು ಕೊಟ್ಟರು. ಕಲಾವತಿ ಬಾಟಲಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳದ ತೂತು ತೋರಿಸಿ, ತನ್ನ ಅಂಗೈ ಮೇಲೆ ಒಂದು ಹನಿ ಬಿಟ್ಟು, ಮೇಡಂ ಮೂಗಿನ ಹತ್ತಿರ ಹಿಡಿದಳು. ಹೊಲಿಗೆಯ ಅಭಿನಯ ಮಾಡಿದಳು. ಸೈಕಲ್ಲಿನ ಅಭಿನಯ ಮಾಡಿದಳು. ಸ್ವಲ್ಪ ಹೊತ್ತಿಗೆ ಮೇಡಂ ಮುಖಕ್ಕೆ ಬೆಳಕು ಹತ್ತಿತು.

"ಓ! ಆಯಿಲ್! ಸೈಕಲ್‌ಗೆ ಆಯಿಲ್!" ಎಂದು ಮೇಜು ಬಡಿದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಲಾವತಿಯೂ ನಕ್ಕಳು. ಮುಗಿಯಿತು ಅಂದುಕೊಂಡಳು.

"ಅಮ್ಮಾ, ನಾನು ನಂಬುತ್ತೆ" ಎಂದರು ಮೇಡಂ, ಕಣ್ಣೊರೆಸಿಕೊಂಡು. "ಬಟ್, ಪೇರೆಂಟ್ಸ್‌ಗೆ ನಾವು ಹೇಳಿದೆ, ಆಕ್ಷನ್ ಆಗಿದೆ ಅಂತ. ಈಗ ಮಿಸ್ಟೇಕ್ ಅಂದ್ರೆ, ಅವ್ರು ಏನ್ ಹೇಳುತ್ತೆ? ಸ್ಕೂಲ್ ಡ್ರೈವರನ್ನ ಮುಚ್ಚಿಡುತ್ತೆ ಅಂತ."

ದಾರಿ ಒಂದೇ ಇತ್ತು, ಸುಲಭದ್ದು. ಶಿವರಾಮ ಒಂದು ಮುಚ್ಚಳಿಕೆ ಬರೆದುಕೊಡುವುದು. ಅದನ್ನು ಪೋಷಕರಿಗೆ ತೋರಿಸಿ, ಎಚ್ಚರಿಕೆ ಕೊಟ್ಟು ಬಿಟ್ಟಿದ್ದೇವೆ ಎನ್ನುವುದು. ಎರಡು ವಾರದ ಮೇಲೆ ಅದೇ ಕೆಲಸ, ಅದೇ ಬಸ್ಸು. ಹರ್ಷಿತಾ ಹತ್ತನೇ ಕ್ಲಾಸು ಅಲ್ಲೇ ಮುಗಿಸಬಹುದು. ಇಲ್ಲವಾದರೆ ನೌಕರರ ಮಗಳು ಎಂಬುದು ಹೋಗುತ್ತದೆ; ವರ್ಷದ ಮಧ್ಯದಲ್ಲಿ ಬೇರೆ ಶಾಲೆ ಯಾರು ಕೊಡುತ್ತಾರೆ? ಕಾಗದವನ್ನು ಆನಂದಪ್ಪನೇ ಕನ್ನಡದಲ್ಲಿ ಟೈಪ್ ಮಾಡಿಸಿಕೊಟ್ಟ. ಗೇಟಿನ ತನಕ ಅವಳ ಜೊತೆ ನಡೆದು ಬಂದ.

"ನಂಗೊತ್ತಿತ್ತಮ್ಮ" ಎಂದ ದನಿ ತಗ್ಗಿಸಿ. "ಶಿವರಾಮ ಕುಡಿಯಲ್ಲ ಅಂತ ನಂಗೊತ್ತಿಲ್ವಾ? ನೀನ್ ಹೇಳಿದ್ದು ಕೇಳಿ ನಗು ಬಂತು. ತಮಾಷೆಗೆ ಹಿಂಗಂದೆ." ಹೆಬ್ಬೆರಳೆತ್ತಿದ. "ಆ ಯಮ್ಮ ಸೀರಿಯಸ್ಸಾಗಿ ತಗೋತಾರೆ ಅಂತ ಯಾರಿಗೊತ್ತು?"

"ಆಗ್ಲೇ ಹೇಳ್ಬೋದಿತ್ತಲ್ಲ ಸಾರ್, ತಮಾಷೆಗಂದೆ ಅಂತ."

"ಹೆಂಗ್ ಹೇಳ್ಲಿ? ನನ್ನ ಕೆಲ್ಸಾನೂ ಹೋಗ್ತಿತ್ತು." ಸ್ವಲ್ಪ ತಡೆದು ಸೇರಿಸಿದ: "ನೀನೂ ತಮಾಷೆಗೇ ತಾನೆ ಅಂದಿದ್ದು?"

ಕಲಾವತಿ ಕಾಗದವನ್ನು ಮಡಚಿಕೊಂಡು ಗೇಟು ದಾಟಿದಳು.

ಶಿವರಾಮ ಕಾಗದವನ್ನು ಮೂರು ಸಲ ಓದಿದ. ಕೆಳಗೆ ಸಹಿ ಮಾಡಿರುವ ಶಿವರಾಮ್ ಬಿನ್ ಲೇಟ್ ಮುನಿಆಂಜಿನಪ್ಪ ಆದ ನಾನು ಇನ್ನು ಮುಂದೆ ಮದ್ಯಪಾನ ಮಾಡುವುದಿಲ್ಲವೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತೇನೆ. ಒಂದೇ ವಾಕ್ಯ. ಎಣ್ಣೆ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಕಾಗದಕ್ಕೆ ಹತ್ತುವಾಗ ಆ ಪದ ಮಡಿಬಟ್ಟೆ ಉಟ್ಟು ಬೇರೆಯೇ ಆಗಿತ್ತು. ಸೈಕಲ್ಲಿಗೂ ಮಿಷನ್ನಿಗೂ ಸೇರಿದ್ದ ಅದರ ಅರ್ಧವನ್ನು ಯಾರೋ ಒರೆಸಿಹಾಕಿದ್ದರು.

"ನಮ್ಮಪ್ಪನ ಅಳತೆ ಕೊಟ್ಟು ಹೊಲ್ಸಿದಂಗಿದೆ" ಎಂದ. "ಅವನ ಕೈಲಿ ಬರೆಸ್ಕೊಂಡಿದ್ರೆ ಬದುಕಿರ್ತಿದ್ನೇನೋ."

"ಬರೀ ಕಾಗ್ದ ಕಣ್ರೀ. ಮೇಡಂಗೂ ಗೊತ್ತು ಇದು ಸುಳ್ಳು ಅಂತ. ಆನಂದಪ್ಪಂಗೂ ಗೊತ್ತು."

"ಎಲ್ರಿಗೂ ಗೊತ್ತಿದ್ರೆ ನನ್ ಸೈನ್ ಯಾತಕ್ಕೆ?"

ಅವನು ಬೆರಳಿನಿಂದ ವಾಕ್ಯದ ನಡುವೆ ಮುಟ್ಟಿ ತೋರಿಸಿದ.

"ಇದು. ಇನ್ನು ಮುಂದೆ. ಇನ್ನು ಮುಂದೆ ಅಂದ್ರೆ ಇಲ್ಲೀತನಕ ಮಾಡ್ತಿದ್ದೆ ಅಂತಾಯ್ತಲ್ಲ? ಈ ಎರಡು ಪದ ತೆಗೆಸ್ಕೊಂಡ್ ಬಾ. ಮದ್ಯಪಾನ ಮಾಡುವುದಿಲ್ಲ ಅಂತ ಇರ್ಲಿ. ಅದು ನಿಜ. ಸೈನ್ ಹಾಕ್ತೀನಿ."

ಅವನು ಅಷ್ಟು ಮಾತಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮರುದಿನ ಮತ್ತೆ ಹೋದಳು. ಮೇಡಂ ರಜೆಯಲ್ಲಿದ್ದರು. ಆನಂದಪ್ಪ ತಲೆ ಕೆರೆದುಕೊಂಡ. ಆ ಎರಡು ಪದ ತೆಗೆದರೆ ಅದು ಮುಚ್ಚಳಿಕೆಯೇ ಆಗುವುದಿಲ್ಲ, ಬರೀ ಹೇಳಿಕೆಯಾಗುತ್ತದೆ, ಪೋಷಕರು ಒಪ್ಪುವುದಿಲ್ಲ ಎಂದ. ಅಷ್ಟೇ ಅಲ್ಲ, ಯಲಹಂಕದ ಡ್ರೈವರೊಬ್ಬ ಈಗಾಗಲೇ ಬಂದು ವಿಚಾರಿಸಿಕೊಂಡು ಹೋಗಿದ್ದಾನೆ, ಸೋಮವಾರದೊಳಗೆ ಕಾಗದ ಬಂದರೆ ಒಳ್ಳೆಯದು ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ಕಲಾವತಿ ಆ ಕಾಗದವನ್ನು ತೆಗೆದು ನೋಡಿದಳು. ಎರಡು ಪದ. ತಾನು ಒಂದು ಪದ ಬಿಟ್ಟದ್ದಕ್ಕೆ ಇವರು ಎರಡು ಸೇರಿಸಿದ್ದರು.

ಭಾನುವಾರ ಸಂಜೆ ಶಿವರಾಮ ಸಹಿ ಮಾಡಿದ. ಯಾರೂ ಬಲವಂತ ಮಾಡಲಿಲ್ಲ ಎಂದು ಹೇಳಲಾಗದು. ಹರ್ಷಿತಾ ಪುಸ್ತಕದಿಂದ ತಲೆಯೆತ್ತದೆ, "ಹಾಕಪ್ಪಾ ಸೈನು. ಹಾಕದಿದ್ರೂ ಅವ್ರು ಅನ್ನೋದ್ ಅಂತಾರೆ, ಹಾಕಿದ್ರೂ ಅಂತಾರೆ. ನನ್ ಎಕ್ಸಾಮಾದ್ರೂ ಆಗ್ಲಿ" ಎಂದಳು. ಕಲಾವತಿ ಪೆನ್ನು ತಂದು ಅವನ ಪಕ್ಕದಲ್ಲಿಟ್ಟಳು. ಅವನು ಮೊದಲು ಕೈ ತೊಳೆದು ಬಂದ. ಸೋಪು ಹಾಕಿ ತೊಳೆದ, ಉಗುರಿನ ಸಂದನ್ನೆಲ್ಲ ಅದೇ ಬ್ರಷ್ಷಿನಿಂದ ಉಜ್ಜಿದ. ಆಮೇಲೆ ಮಗಳ ನೋಟ್‌ಬುಕ್ಕನ್ನು ಕೆಳಗಿಟ್ಟುಕೊಂಡು, ಬಿನ್ ಲೇಟ್ ಮುನಿಆಂಜಿನಪ್ಪ ಎಂಬುದರ ಮೇಲೆ ಒಂದು ಕ್ಷಣ ಕೈ ನಿಲ್ಲಿಸಿ, ತನ್ನ ಹೆಸರು ಬರೆದ.

ಆ ಭಾನುವಾರ ಅವನು ಸೈಕಲ್ಲನ್ನು ಮುಟ್ಟಿರಲಿಲ್ಲ ಎಂಬುದು ಅವಳಿಗೆ ರಾತ್ರಿ ಊಟಕ್ಕೆ ಬಡಿಸುವಾಗ ಹೊಳೆಯಿತು.

ಕೆಲಸ ಸಿಕ್ಕಿತು. ಶಾಲೆ ಮಾತಿಗೆ ತಪ್ಪಲಿಲ್ಲ. ಒಂದು ಸಣ್ಣ ನಿಯಮ ಮಾತ್ರ ಹೊಸದಾಗಿ ಸೇರಿತ್ತು: ದಿನಾ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಬಸ್ಸು ಹತ್ತುವ ಮುಂಚೆ ಆನಂದಪ್ಪನ ಮುಂದೆ ನಿಂತು "ಹಾ" ಎಂದು ಉಸಿರು ಬಿಡಬೇಕು. ಬೇರೆ ಡ್ರೈವರುಗಳಿಗೆ ಈ ನಿಯಮ ಇರಲಿಲ್ಲ. ಅವರಲ್ಲಿ ಇಬ್ಬರು ನಿಜವಾಗಿ ಕುಡಿಯುತ್ತಿದ್ದರು. ಇದನ್ನು ಅವಳಿಗೆ ಹೇಳಿದ್ದು ಹರ್ಷಿತಾ. ಕ್ಲಾಸಿನ ಕಿಟಕಿಯಿಂದ ಬಸ್ಸು ನಿಲ್ಲುವ ಜಾಗ ಕಾಣುತ್ತದೆ.

ಮುಂದಿನ ಭಾನುವಾರವೂ ಶಿವರಾಮ ಚೈನು ಮುಟ್ಟಲಿಲ್ಲ. ಅದರ ಮುಂದಿನದೂ. ಜಗಲಿಯ ಮೇಲೆ ಕೂತು ಪೇಪರ್ ಓದಿದ. ಮುನಿಕೆಂಪಮ್ಮ ಕೊಟ್ಟ ಸೀಮೆಎಣ್ಣೆ ಕ್ಯಾನಿನಲ್ಲಿ ಹಾಗೇ ಉಳಿಯಿತು. ತಣಿಸಂದ್ರದ ಧೂಳು, ಅಕ್ಟೋಬರಿನ ಮಳೆ, ಎರಡೂ ಸೇರಿ ಚೈನು ಮೊದಲು ಬೂದುಬಣ್ಣವಾಯಿತು, ಆಮೇಲೆ ಕೆಂಪಾಯಿತು. ಸಾಕ್ಷಿಗೆಂದು ತಂದ ಬಾಟಲಿಯಲ್ಲಿ ಎಣ್ಣೆ ತುಂಬಿಕೊಂಡೇ ಇತ್ತು. ಕಲಾವತಿ ಅದನ್ನು ಮಿಷನ್ನಿಗೆ ಬಿಟ್ಟುಕೊಂಡಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮಿಷನ್ನಿಗೆ ಹೊಟ್ಟೆ ತುಂಬಿತ್ತು. ಅದು ನೀರಿನ ಹಾಗೆ ಓಡಿತು, ಸದ್ದೇ ಇಲ್ಲದೆ. ಅವಳು ಬೇಡಿದ್ದು ಇದನ್ನೇ.

ನವೆಂಬರಿನ ಒಂದು ಭಾನುವಾರ, ಅವನು ಕಟಿಂಗ್ ಮಾಡಿಸಲು ಹೋಗಿದ್ದಾಗ, ತಡೆಯಲಾರದೆ ಅವಳೇ ಪೇಪರ್ ಹಾಸಿ ಕೂತಳು. ಇಷ್ಟು ವರ್ಷ ಕಿಟಕಿಯಿಂದ ನೋಡಿದ್ದ ಕೆಲಸ, ಕೈಗೆ ಮಾತ್ರ ಬರಲಿಲ್ಲ. ಸೈಕಲ್ಲು ತಲೆಕೆಳಗು ನಿಲ್ಲಲಿಲ್ಲ, ಪಕ್ಕಕ್ಕೆ ಒರಗಿಸಿಕೊಂಡಳು. ಬ್ರಷ್ಷಿನಿಂದ ಉಜ್ಜಿದಳು. ಬೆರಳು ಕೊಂಡಿಯ ಸಂದಿಗೆ ಸಿಕ್ಕಿಕೊಂಡು ರಕ್ತ ಬಂತು. ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡುತ್ತಾ ಹೋದಳು. ಎಲ್ಲಿ ಶುರುಮಾಡಿದ್ದೆಂದು ಮರೆತು ಎರಡೆರಡು ಸುತ್ತು ಬಿಟ್ಟಳು. ಹಿಂದಿನಿಂದ ನೆರಳು ಬಿತ್ತು.

ಶಿವರಾಮ ನಿಂತು ನೋಡುತ್ತಿದ್ದ. ಹೊಸ ಕಟಿಂಗಿನಲ್ಲಿ ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಹರಕು ಬಟ್ಟೆ ಎತ್ತಿಕೊಂಡು ಸೀಮೆಎಣ್ಣೆಯಲ್ಲಿ ನೆನೆಸಿದ. ಮೇಲೆ ಹೆಚ್ಚಾದದ್ದನ್ನು ಒರೆಸುತ್ತಾನೆ, ಒಳಗಿನದನ್ನು ಬಿಡುತ್ತಾನೆ ಅಂದುಕೊಂಡಳು. ಅವನು ಬಟ್ಟೆಯನ್ನು ಬಿಗಿ ಹಿಡಿದು ಪೆಡಲ್ ತಿರುಗಿಸಿದ. ಒಂದು ಸುತ್ತು, ಎರಡು, ಹತ್ತು. ಬ್ರಷ್ಷು ತೆಗೆದುಕೊಂಡು ಸಂದುಗಳಿಂದಲೂ ಎಬ್ಬಿಸಿದ. ಕೊನೆಗೆ ಚೈನು ನಾಯಿ ನೆಕ್ಕಿ ಬಿಟ್ಟ ಮೂಳೆಯಂತೆ ಒಣಗಿ ನಿಂತಿತು.

"ಯಾಕ್ರೀ ಹಿಂಗ್ ಮಾಡ್ತೀರಾ?" ಅವಳು ಅವನ ಕೈಯ ಬಟ್ಟೆ ಹಿಡಿದೆಳೆದಳು. "ನಂಗ್ ಹೊಡೀರಿ ಬೇಕಾದ್ರೆ. ಅದೇನ್ ಮಾಡಿತ್ತು?"

"ಬರ್ಕೊಟ್ಟಿದೀನಲ್ಲ" ಎಂದ ಶಿವರಾಮ. "ಇನ್ನು ಮುಂದೆ ಇಲ್ಲ ಅಂತ."

ಅವನು ತಮಾಷೆ ಮಾಡುತ್ತಿದ್ದಾನೋ ಎಂದು ಅವಳು ಮುಖ ನೋಡಿದಳು. ಅವನು ತಮಾಷೆ ಮಾಡುವವನಲ್ಲ. ತಮಾಷೆ ಯಾವಾಗಲೂ ಅವಳದೇ ಆಗಿತ್ತು.

ಈಗ ಬೆಳಿಗ್ಗೆ ಐದೂಕಾಲಕ್ಕೆ ಸೈಕಲ್ಲು ಜಗಲಿಯಿಂದ ಇಳಿಯುವುದು ಅವಳಿಗೆ ಕೇಳಿಸುತ್ತದೆ. ಮೊದಲ ಪೆಡಲಿಗೆ ಒಂದು ನರಳಿಕೆ, ಆಮೇಲೆ ಕಿರ್ರ್, ಕಿರ್ರ್, ಲಯ ಹಿಡಿದು. ಮಿಷನ್ನು ಸದ್ದು ಮಾಡದ್ದರಿಂದ ತುಳಿಯುತ್ತಲೇ ಕೇಳಿಸಿಕೊಳ್ಳಬಹುದು. ಗಲ್ಲಿ ದಾಟುವುದು, ಹಾಲಿನ ಬೂತಿನ ಹತ್ತಿರ ತಿರುಗುವುದು, ಮಜೀದ್ ಸಾಬರ ಮುಚ್ಚಿದ ಅಂಗಡಿಯ ಮುಂದೆ ಹಾಯುವುದು, ಎಲ್ಲ. ಮೊದಲು ಇದ್ದಾನೋ ಇಲ್ಲವೋ ತಿಳಿಯದಿದ್ದ ಗಂಡ ಈಗ ಅರ್ಧ ಮೈಲಿ ದೂರದ ತನಕ ಕಿವಿಯೊಳಗೇ ಇರುತ್ತಾನೆ.

ಒಂದು ಬೆಳಿಗ್ಗೆ ಅವಳು ಒಂದು ಬ್ಲೌಸಿನ ತೋಳಿಗೆ ಸೂಜಿ ಚುಚ್ಚುತ್ತಾ ಕಿಟಕಿಯಲ್ಲಿ ಕೂತಿದ್ದಳು. ಮುನಿಕೆಂಪಮ್ಮ ಬಾಗಿಲಿಗೆ ನೀರು ಹಾಕಲು ಎದ್ದು ಬಂದವಳು, ಬಿಂದಿಗೆ ಸೊಂಟಕ್ಕಿಟ್ಟುಕೊಂಡೇ ಆ ಸದ್ದು ಹೋದ ಕಡೆ ನೋಡಿದಳು.

"ಏನೇ ಕಲಾವತಿ, ಒತ್ತಾರೆ ಎದ್ರೆ ಅಂಗೆ ಕಿರುಚ್ಕಂತದಲ್ಲೇ ಆ ಸೈಕಲ್ಲು? ಎಣ್ಣೆ ಗಿಣ್ಣೆ ಇಲ್ವಾ?"

"ಎಣ್ಣೆ ಬಿಟ್ಬಿಟ್ರು ಕಣಕ್ಕ."

ಮುನಿಕೆಂಪಮ್ಮ ಬಿಂದಿಗೆ ಕೆಳಗಿಟ್ಟಳು. ತಿಂಗಳು ತಿಂಗಳು ಆ ಚೈನಿಗೆಂದೇ ಸೀಮೆಎಣ್ಣೆ ಅಳೆದುಕೊಟ್ಟವಳು ಅವಳು. ಕಿಟಕಿಯ ಹತ್ತಿರ ಬಂದು, ಆಚೀಚೆ ನೋಡಿ, ಸರಳಿನ ಮೂಲಕ ಕೈ ತೂರಿಸಿ ಕಲಾವತಿಯ ತೋಳು ಹಿಡಿದಳು.

"ಒಳ್ಳೇದಾತು ಬುಡವ್ವ" ಎಂದಳು ಪಿಸುಗುಟ್ಟಿ. "ನಂಗೂ ಕಿವೀಗ್ ಬಿದ್ದಿತ್ತು, ನೀನ್ ನೊಂದ್ಕಂತೀಯ ಅಂತ ಕೇಳ್ನಿಲ್ಲ. ಪಕ್ಕದಾಗೇ ಇದ್ಕಂಡು ನಂಗೇ ಗೊತ್ತಾಗ್ನಿಲ್ಲ ನೋಡು, ಅಷ್ಟು ಗುಟ್ಟಾಗಿ ಮಾಡ್ತಿದ್ದ. ಏನಾರ ಆಗ್ಲಿ, ನಿನ್ ಸಂಸಾರ ಉಳೀತು."

ಕಲಾವತಿಯ ತುಟಿಗಳ ನಡುವೆ ಎರಡು ಗುಂಡುಸೂಜಿಗಳಿದ್ದವು. ಅವಳು ಅವನ್ನು ತೆಗೆಯಲಿಲ್ಲ. ಹೌದೆಂದು ತಲೆಯಾಡಿಸಿದಳು.